ಯಾವ ಸೂಪರ್‌ಹೀರೋ ಸೀರೀಸ್ ನೋಡೋಣ? ಪಕ್ಕದ ಪಾತ್ರಗಳನ್ನು ಅಳೆದು ಆರಿಸುವ ಬಗೆ

ಸೂಪರ್‌ಹೀರೋ ಸೀರೀಸ್ ಒಂದನ್ನು ಶುರು ಮಾಡುವ ಮುಂಚೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ನಾಯಕನಿಗೆ ಯಾವ ಶಕ್ತಿ ಇದೆ, ವಿಲನ್ ಯಾರು. ಹತ್ತು ಕಂತು ದಾಟುವಷ್ಟರಲ್ಲಿ ಈ ಎರಡೂ ಹಳತಾಗಿರುತ್ತವೆ. ಆಮೇಲೂ ನಮ್ಮನ್ನು ಕೂರಿಸುವವರು ನಾಯಕನ ಸುತ್ತ ಮನೆಯಲ್ಲೋ ಆಫೀಸಿನಲ್ಲೋ ಲ್ಯಾಬಿನಲ್ಲೋ ಇರುವ ಮೂರ್ನಾಲ್ಕು ಜನ. ಅವರು ಸಪ್ಪೆಯಾದರೆ ಎದ್ದು ಹೋಗುತ್ತೇವೆ. ಇದರ ಹಿಂದೆ ದುಡ್ಡಿನ ಲೆಕ್ಕವಿದೆ. ಹಾರಾಟ, ಓಟ, ಸ್ಫೋಟ ಎಲ್ಲವೂ ಗ್ರಾಫಿಕ್ಸ್ ಖರ್ಚಿನ ಬಾಬತ್ತು. ಜಾಹೀರಾತು ಬಿಟ್ಟು 42 ನಿಮಿಷ ಉಳಿಯುವ ಟೀವಿ ಕಂತಿನಲ್ಲಿ ಅದಕ್ಕೆ ಸಿಗುವ ಹೊತ್ತು ಕಡಿಮೆ. ಉಳಿದದ್ದೆಲ್ಲ ಮಾತು, ಮಾತಿಗೆ ಜನ ಬೇಕು.

ಇದು ಟೀವಿಗಿಂತ ಹಳೆಯ ಪಾಠ. 1940ರಲ್ಲಿ ಸೂಪರ್‌ಮ್ಯಾನ್ ಅಮೆರಿಕದ ರೇಡಿಯೋಗೆ ಬಂದಾಗ, ಕೇಳುಗರಿಗೆ ಕಾಣದ್ದನ್ನೆಲ್ಲ ನಾಯಕ ಬಾಯಿಬಿಟ್ಟು ಯಾರಿಗಾದರೂ ಹೇಳಲೇಬೇಕಿತ್ತು. ಸೂಪರ್‌ಮ್ಯಾನ್‌ನ ಗೆಳೆಯ ಜಿಮ್ಮಿ ಓಲ್ಸನ್‌ಗೆ ಹೆಸರು ಸಿಕ್ಕಿದ್ದು, ಅವನು ಒಂದು ಪಾತ್ರವಾಗಿ ಬೆಳೆದದ್ದು ಆ ರೇಡಿಯೋ ನಾಟಕದಲ್ಲಿ. ಆಮೇಲೂ ಇದೇ ನಡೆಯಿತು. ಹಾರ್ಲಿ ಕ್ವಿನ್ ಹುಟ್ಟಿದ್ದು 1992ರ ಬ್ಯಾಟ್‌ಮ್ಯಾನ್ ಕಾರ್ಟೂನಿನಲ್ಲಿ, ಕ್ಲೋಯಿ ಸಲಿವನ್ 2001ರ ‘ಸ್ಮಾಲ್‌ವಿಲ್’ನಲ್ಲಿ, ಜಾನ್ ಡಿಗಲ್ 2012ರ ‘ಆ್ಯರೋ’ದಲ್ಲಿ. ಈ ಮೂವರೂ ತೆರೆಯಿಂದ ಕಾಮಿಕ್ಸ್ ಪುಟಕ್ಕೆ ಹೋದವರು. ಟೀವಿ ಈ ಪ್ರಕಾರಕ್ಕೆ ಕೊಟ್ಟ ದೊಡ್ಡ ಕಾಣಿಕೆ ಪೋಷಕ ಪಾತ್ರಗಳೇ ಎಂದು ನಾವು ಗಟ್ಟಿಯಾಗಿ ನಂಬುತ್ತೇವೆ. ಆದ್ದರಿಂದ ಇಲ್ಲಿನ ಹೋಲಿಕೆಗೂ ಅವರೇ ಅಳತೆಗೋಲು.

ಒಂದು ಎಚ್ಚರಿಕೆ: ಸೂತ್ರಗಳ, ಅಂದರೆ ಸೀರೀಸ್‌ಗಳಲ್ಲಿ ಮತ್ತೆ ಮತ್ತೆ ಬರುವ ಕಥೆಯ ಅಚ್ಚುಗಳ ಬಗ್ಗೆ ಬರೆಯುವಾಗ ಕೆಲವು ತಿರುವುಗಳನ್ನು ಹೇಳಲೇಬೇಕಾಗುತ್ತದೆ. ಹಳೆಯ ಸೀರೀಸ್‌ಗಳದ್ದನ್ನು ಹೇಳಿದ್ದೇವೆ, ‘ಇನ್ವಿನ್ಸಿಬಲ್’ನದ್ದನ್ನು ಮುಚ್ಚಿಟ್ಟಿದ್ದೇವೆ.

ಎರಡು ಕಂತಿನಲ್ಲಿ ಪರೀಕ್ಷೆ

ಮೊದಲ ಕಂತನ್ನು ಮಾತ್ರ ನೋಡಿ ತೀರ್ಮಾನಿಸಬೇಡಿ. ಚಾನೆಲ್‌ನ ಒಪ್ಪಿಗೆ ಪಡೆಯಲೆಂದೇ ಮಾಡುವ ಕಂತು ಅದು, ಹೆಚ್ಚು ಸಮಯ, ಹೆಚ್ಚು ದುಡ್ಡು ಸುರಿದಿರುತ್ತಾರೆ. ಸೀರೀಸ್‌ನ ದಿನನಿತ್ಯದ ಮುಖ ಕಾಣುವುದು ಐದನೆಯ ಅಥವಾ ಆರನೆಯ ಕಂತಿನ ಹೊತ್ತಿಗೆ. ಮೊದಲನೆಯದು ನೋಡಿ, ಹಿಡಿಸಿದರೆ ಆರರವರೆಗೆ ಹೋಗಿ, ಆ ಆರನೆಯ ಕಂತಿನಲ್ಲಿ ಮೂರು ಸಂಗತಿ ಗಮನಿಸಿ.

ಇಬ್ಬರು ಪೋಷಕ ಪಾತ್ರಗಳು ನಾಯಕ ಇಲ್ಲದಾಗ, ನಾಯಕನ ವಿಷಯ ಬಿಟ್ಟು, ಬೇರೆ ಏನಾದರೂ ಮಾತಾಡುತ್ತಾರೆಯೇ? ಇಡೀ ಕಂತಿನಲ್ಲಿ ಅಂಥ ಒಂದು ದೃಶ್ಯವೂ ಸಿಗದಿದ್ದರೆ ಅವರು ನಾಯಕನಿಗೆ ಹಿಡಿದ ಕನ್ನಡಿಗಳಷ್ಟೇ. ಎರಡನೆಯದು ಕೆಲಸ. ಆ ವ್ಯಕ್ತಿ ನಾಯಕನನ್ನು ಭೇಟಿಯಾಗದೆ ಇದ್ದಿದ್ದರೆ ಈ ವಾರ ಏನು ಮಾಡುತ್ತಿದ್ದಳು ಎಂದು ಕೇಳಿಕೊಳ್ಳಿ. ಉತ್ತರ ಹೊಳೆದರೆ ಪಾತ್ರಕ್ಕೆ ಬುಡವಿದೆ. ಮೂರನೆಯದು ಗುಟ್ಟು. ನಾಯಕ ಯಾರೆಂಬುದು ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ, ಗೊತ್ತಿಲ್ಲದವರನ್ನು ಕಥೆ ಹೇಗೆ ನಡೆಸಿಕೊಳ್ಳುತ್ತಿದೆ? ಮೂರರಲ್ಲಿ ಇದೇ ಹೆಚ್ಚು ಹೇಳುತ್ತದೆ.

ಜೊತೆಗೆ ಟೈಟಲ್‌ನಲ್ಲಿ ಬರುವ ಮುಖ್ಯ ನಟರ ಹೆಸರು ಎಣಿಸಿ. 42 ನಿಮಿಷವನ್ನು ಐವರಿಗೆ ಹಂಚಿದರೆ ತಲೆಗೆ ಎಂಟು ನಿಮಿಷ ಚಿಲ್ಲರೆ. ಹತ್ತು ಜನರಿಗೆ ಹಂಚಿದರೆ ನಾಲ್ಕು ನಿಮಿಷ, ಅದರಲ್ಲೇ ಹೊಡೆದಾಟವೂ ಬರಬೇಕು. ಸೀಸನ್‌ಗಳು ಹೆಚ್ಚಿದಂತೆ ಈ ಪಟ್ಟಿ ಉದ್ದವಾಗುತ್ತ ಹೋದರೆ, ಮೊದಲು ನೀವು ಇಷ್ಟಪಟ್ಟವರ ಪಾಲೇ ಕರಗುತ್ತದೆ.

ಗುಟ್ಟಿನ ಸೂತ್ರ: ‘ಸ್ಮಾಲ್‌ವಿಲ್’ಗೂ ‘ಡೇರ್‌ಡೆವಿಲ್’ಗೂ ಇರುವ ಅಂತರ

ನಾಯಕನ ಗುಟ್ಟು ಹತ್ತಿರದವರಿಗೇ ತಿಳಿಯದಿರುವುದು ಈ ಪ್ರಕಾರದ ಅತಿ ಹಳೆಯ ಸೂತ್ರ. ದೂರದರ್ಶನದಲ್ಲಿ 1997ರಿಂದ 2005ರವರೆಗೆ ಬಂದ ‘ಶಕ್ತಿಮಾನ್’ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಪತ್ರಕರ್ತೆ ಗೀತಾ ವಿಶ್ವಾಸ್ ಶಕ್ತಿಮಾನ್‌ನ ಸುದ್ದಿ ಬೆನ್ನಟ್ಟುತ್ತಾಳೆ, ಅದೇ ಪತ್ರಿಕೆಯಲ್ಲಿ ಕನ್ನಡಕ, ಉಬ್ಬುಹಲ್ಲಿನ ಗಂಗಾಧರ ಕ್ಯಾಮೆರಾ ಹಿಡಿದು ಪೆದ್ದನಂತೆ ಓಡಾಡುತ್ತಾನೆ. ಸೂಪರ್‌ಮ್ಯಾನ್ ಕಥೆಯ ಪತ್ರಕರ್ತೆ ಲೋಯಿಸ್ ಲೇನ್ ಮತ್ತು ಗುಟ್ಟಾಗಿ ಸೂಪರ್‌ಮ್ಯಾನ್ ಆಗಿರುವ ಕ್ಲಾರ್ಕ್ ಕೆಂಟ್ ಜೋಡಿಯ ಅಚ್ಚು ಅದು. ನೋಡುಗರಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ ಎಂಬುದರಲ್ಲೇ ಮಜಾ. ಆ ಮಜಾ ಎಷ್ಟು ದಿನ ಬಾಳುತ್ತದೆ ಎಂಬುದೇ ಪ್ರಶ್ನೆ.

‘ಸ್ಮಾಲ್‌ವಿಲ್’ (2001–2011) ಇದನ್ನು ಹತ್ತು ಸೀಸನ್, 217 ಕಂತುಗಳವರೆಗೆ ಎಳೆಯಿತು. ಪೂರ್ತಿ ನೋಡಲು ಸುಮಾರು 150 ಗಂಟೆ ಬೇಕು. ಶುರುವಿನಲ್ಲಿ ಕ್ಲಾರ್ಕ್ ಇನ್ನೂ ಹೈಸ್ಕೂಲು ಹುಡುಗ. ಸೂಪರ್‌ಮ್ಯಾನ್ ಉಡುಪು ಹಾಕಿಸುವುದಿಲ್ಲ, ಹಾರಿಸುವುದಿಲ್ಲ ಎಂದು ತಯಾರಕರು ಮೊದಲೇ ನಿಯಮ ಹಾಕಿಕೊಂಡಿದ್ದರು. ಶಕ್ತಿಪ್ರದರ್ಶನಕ್ಕೆ ಬೇಲಿ ಬಿದ್ದಿದ್ದರಿಂದ ಭಾರವೆಲ್ಲ ಪಕ್ಕದವರ ಮೇಲೆ ಬಿತ್ತು. ಆರಂಭದ ಸೀಸನ್‌ಗಳ ಸೂತ್ರ ಬಹುಮಟ್ಟಿಗೆ ಒಂದೇ: ಊರಿನ ಯಾರೋ ಒಬ್ಬರಿಗೆ ಹಸಿರು ಉಲ್ಕಾಶಿಲೆಯ ಸೋಂಕು ತಗುಲಿ ವಿಚಿತ್ರ ಶಕ್ತಿ ಬರುತ್ತದೆ, ಕ್ಲಾರ್ಕ್ ಮೆಚ್ಚಿದ ಹುಡುಗಿ ಲಾನಾ ಅಪಾಯಕ್ಕೆ ಸಿಲುಕುತ್ತಾಳೆ, ಕ್ಲಾರ್ಕ್ ಬರುವ ಹೊತ್ತಿಗೆ ನೋಡಬೇಕಾದವರಿಗೆಲ್ಲ ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿರುತ್ತದೆ. ಎಲ್ಲಿ ಕೆಡುತ್ತದೆ ಎಂದರೆ ಲಾನಾಳಲ್ಲಿ. ಅವಳ ಬುದ್ಧಿಯನ್ನು ಕಥೆ ವಾರವಾರವೂ ಕಡಿಮೆ ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಗುಟ್ಟು ಉಳಿಯದು.

ಅದೇ ಸೀರೀಸ್ ಕ್ಲೋಯಿಯನ್ನು ನಡೆಸಿಕೊಂಡ ರೀತಿ ನೋಡಿ. ಶಾಲೆಯ ಪತ್ರಿಕೆ ನಡೆಸುವ ಹುಡುಗಿ, ಊರಿನ ವಿಚಿತ್ರ ಸುದ್ದಿಗಳನ್ನೆಲ್ಲ ಒಂದು ಗೋಡೆಗೆ ಅಂಟಿಸಿಟ್ಟವಳು. ನಾಲ್ಕನೆಯ ಸೀಸನ್ನಿನಲ್ಲಿ ಕ್ಲಾರ್ಕ್‌ನ ಶಕ್ತಿಯನ್ನು ಕಣ್ಣಾರೆ ಕಂಡರೂ ಅವನಿಗೆ ಹೇಳುವುದಿಲ್ಲ, ಅವನೇ ಹೇಳಲಿ ಎಂದು ಕಾಯುತ್ತಾಳೆ. ಗುಟ್ಟಿನ ಸೂತ್ರವನ್ನು ತಿರುಗಿಸಿ ಹಾಕಿದ್ದು ಇದೇ: ಈಗ ಗುಟ್ಟು ಇಟ್ಟುಕೊಂಡಿರುವುದು ಅವಳು. ಆ ಸೀಸನ್ನಿನ ಅತ್ಯುತ್ತಮ ದೃಶ್ಯಗಳು ಇದರಿಂದಲೇ ಹುಟ್ಟಿವೆ. ಇದಕ್ಕೆ ವಿರುದ್ಧ ಉದಾಹರಣೆ ಗೆಳೆಯ ಪೀಟ್ ರಾಸ್. ಅವನಿಗೆ ಎರಡನೆಯ ಸೀಸನ್ನಿನಲ್ಲೇ ಗುಟ್ಟು ಗೊತ್ತಾಯಿತು, ಆದರೆ ಅದನ್ನು ಹೊರುವುದು ಬಿಟ್ಟು ಮಾಡಲು ಬೇರೆ ಕೆಲಸ ಕೊಡಲಿಲ್ಲ. ಮೂರನೆಯ ಸೀಸನ್ ಮುಗಿಯುವಾಗ ಪಾತ್ರವೇ ಊರು ಬಿಟ್ಟಿತು.

‘ಡೇರ್‌ಡೆವಿಲ್’ (2015–2018) ಇದೇ ಸೂತ್ರವನ್ನು ಹತ್ತು ಕಂತಿನೊಳಗೆ ಮುಗಿಸುತ್ತದೆ. ಕಣ್ಣು ಕಾಣದಿದ್ದರೂ ಕಿವಿ ವಿಪರೀತ ಚುರುಕಾದ, ಮುಸುಕು ಹಾಕಿ ಹೊಡೆದಾಡುವ ವಕೀಲ ಮ್ಯಾಟ್ ಮರ್ಡಾಕ್, ಅವನ ಪಾಲುದಾರ ಫಾಗಿ ನೆಲ್ಸನ್. ಒಂಬತ್ತನೆಯ ಕಂತಿನ ಕೊನೆಗೆ ಮುಸುಕು ಕಳಚುತ್ತದೆ, ಹತ್ತನೆಯದು ಬಹುಪಾಲು ಇಬ್ಬರ ಜಗಳಕ್ಕೇ ಮೀಸಲು. ನಡುನಡುವೆ ಕಾಲೇಜು ದಿನಗಳು ಬಂದುಹೋಗುತ್ತವೆ. ಫಾಗಿಗೆ ನೋವಾಗುವುದು ಮ್ಯಾಟ್ ಮುಸುಕು ಹಾಕಿದ್ದಕ್ಕಷ್ಟೇ ಅಲ್ಲ. ತನ್ನ ಎದೆಬಡಿತ ಇವನಿಗೆ ಕೇಳಿಸುತ್ತಿತ್ತು, ತಾನು ಸುಳ್ಳು ಹೇಳಿದಾಗೆಲ್ಲ ಇವನಿಗೆ ಗೊತ್ತಾಗುತ್ತಿತ್ತು ಎಂದು ತಿಳಿದಾಗ ಅವನು ಕುಸಿಯುತ್ತಾನೆ. ಗುಟ್ಟು ರಟ್ಟಾದ ಮೇಲೂ ಕಥೆ ನಿಲ್ಲದಿರಲು ಕಾರಣ ಫಾಗಿಗೆ ತನ್ನದೇ ಕಚೇರಿ, ತನ್ನದೇ ಕಕ್ಷಿದಾರರು, ನ್ಯಾಯದ ಬಗ್ಗೆ ತನ್ನದೇ ಅಭಿಪ್ರಾಯ ಇವೆ. ಅವನು ಒಪ್ಪದೆ ಇರಬಲ್ಲ, ಬಿಟ್ಟುಹೋಗಬಲ್ಲ.

ಹಾಗಾಗಿ ಗುಟ್ಟಿನ ಕಥೆಯೇ ನಿಮಗಿಷ್ಟ ಎಂದಾದರೆ ನಮ್ಮ ಆಯ್ಕೆ ಖಚಿತವಾಗಿ ‘ಡೇರ್‌ಡೆವಿಲ್’. ‘ಸ್ಮಾಲ್‌ವಿಲ್’ ನೋಡಬೇಕಾದದ್ದು ಬೇರೆ ಕಾರಣಕ್ಕೆ: ಕ್ಲಾರ್ಕ್ ಮತ್ತು ಲೆಕ್ಸ್ ಲೂಥರ್‌ನ ಸ್ನೇಹ ನಿಧಾನವಾಗಿ ವಿಷವಾಗುವುದಕ್ಕೆ. ಮುಂದೆ ಶತ್ರುವಾಗುವವನನ್ನು ಗೆಳೆಯನಾಗಿ ಇಷ್ಟು ದೀರ್ಘವಾಗಿ, ಇಷ್ಟು ಸಹಾನುಭೂತಿಯಿಂದ ತೋರಿಸಿದ ಸೀರೀಸ್ ಮತ್ತೊಂದು ಸಿಗುವುದು ಕಷ್ಟ. ಲೆಕ್ಸ್ ಪಾತ್ರದ ಮೈಕೆಲ್ ರೋಸೆನ್‌ಬಾಮ್ ಏಳನೆಯ ಸೀಸನ್ ಆದಮೇಲೆ ನಿತ್ಯಪಾತ್ರದಿಂದ ಹೊರಬಿದ್ದರು, ಕೊನೆಯ ಕಂತಿಗೆ ಮರಳಿದರು. ಏಳರವರೆಗೆ ನೋಡಿ ನಿಲ್ಲಿಸಿದರೂ ಆ ಎಳೆ ನಿಮಗೆ ಸಿಕ್ಕಿರುತ್ತದೆ.

ಗುಟ್ಟಿಗೆ ಅಂಟಿಕೊಂಡೇ ಇನ್ನೊಂದು ಉಪಾಯವಿದೆ: ಪ್ರೀತಿಸಿದವಳಿಗೆ ಎಲ್ಲ ಹೇಳಿಬಿಟ್ಟು, ಕಾಲವನ್ನು ಹಿಂದಕ್ಕೆ ತಿರುಗಿಸಿ, ಹೇಳಿದ್ದನ್ನು ಅಳಿಸಿಹಾಕುವುದು. ನೋಡುಗರಿಗೆ ಆ ದೃಶ್ಯದ ಸುಖವೂ ಸಿಗುತ್ತದೆ, ಕಥೆ ಇದ್ದಲ್ಲೇ ಇರುತ್ತದೆ. ಸುಲಭದ ದಾರಿ, ಆದ್ದರಿಂದ ಅನುಮಾನದಿಂದಲೇ ನೋಡಬೇಕು. ಬೆಲೆ ತೆತ್ತರೆ ಮಾತ್ರ ಇದು ನ್ಯಾಯ. ‘ಸ್ಮಾಲ್‌ವಿಲ್’ನ ನೂರನೆಯ ಕಂತಿನಲ್ಲಿ ಕ್ಲಾರ್ಕ್ ಲಾನಾಗೆ ಹೇಳುತ್ತಾನೆ, ಅವಳು ಸಾಯುತ್ತಾಳೆ, ಕಾಲ ಹಿಂದಿರುಗುತ್ತದೆ, ಅವಳ ಬದಲಿಗೆ ಅಪ್ಪ ಜೊನಾಥನ್ ಕೆಂಟ್ ಹೋಗುತ್ತಾನೆ. ಆ ನಷ್ಟವನ್ನು ಮುಂದಿನ ಸೀಸನ್‌ಗಳು ಮರೆಯುವುದಿಲ್ಲ. ‘ದ ಫ್ಲ್ಯಾಶ್’ ಮೊದಲ ಸೀಸನ್ನಿನ 15ನೆಯ ಕಂತಿನಲ್ಲಿ ನಾಯಕ ಬ್ಯಾರಿ ತಾನು ಪ್ರೀತಿಸುವ ಐರಿಸ್‌ಗೆ ಹೇಳಿ, ಓಡುತ್ತಲೇ ಹಿಂದಿನ ದಿನಕ್ಕೆ ಹೋಗಿಬಿಡುತ್ತಾನೆ. ಅಲ್ಲಿ ಬೆಲೆಯ ಬದಲು ಒಂದು ಸುಳಿವು ಉಳಿಯುತ್ತದೆ: ಅಳಿಸಿಹೋದ ದಿನದಲ್ಲಿ ತನಗಾದದ್ದು ತಂಡದ ಗೆಳೆಯ ಸಿಸ್ಕೋಗೆ ಕನಸಾಗಿ ಕಾಡುತ್ತದೆ, ತಂಡದೊಳಗಿನ ಮೋಸಗಾರನನ್ನು ಹಿಡಿಯಲು ಅದೇ ದಾರಿಯಾಗುತ್ತದೆ. ಪೋಷಕ ಪಾತ್ರದ ಕೈಗೆ ಕೀಲಿ ಕೊಟ್ಟಿದ್ದರಿಂದ ಆ ಉಪಾಯ ದಕ್ಕಿತು.

ಲ್ಯಾಬ್ ತಂಡದ ಸೂತ್ರ: ‘ಆ್ಯರೋ’, ‘ದ ಫ್ಲ್ಯಾಶ್’

ನಾಯಕ ಹೊರಗೆ ಹೊಡೆದಾಡುವಾಗ ಕಂಪ್ಯೂಟರ್ ಮುಂದೆ ಕೂತು ಕಿವಿಯಲ್ಲಿ ದಾರಿ ಹೇಳುವ ತಂಡ. 2012ರ ನಂತರದ ಅಮೆರಿಕನ್ ಟೀವಿಯಲ್ಲಿ ಇದು ಮಾಮೂಲಾಗಲು ಹೆಚ್ಚಿನ ಕಾರಣ ‘ಆ್ಯರೋ’ (2012–2020, 8 ಸೀಸನ್, 170 ಕಂತು). ಇದರ ಪ್ರಸಿದ್ಧ ಮುಖ ಫೆಲಿಸಿಟಿ ಸ್ಮೋಕ್ ಮೊದಲ ಸೀಸನ್ನಿನ ಮೂರನೆಯ ಕಂತಿಗೆ ಅತಿಥಿಯಾಗಿ ಬಂದವಳು. ಗುಂಡು ತೂರಿದ ಲ್ಯಾಪ್‌ಟಾಪ್ ತಂದು ಕಾಫಿ ಚೆಲ್ಲಿತು ಎಂದ ನಾಯಕ ಆಲಿವರ್‌ನ ಸುಳ್ಳನ್ನು ಅವಳು ನಂಬಿದಂತೆ ನಟಿಸದೆ ನೋಡಿದ ನೋಟವೇ ಅವಳನ್ನು ಉಳಿಸಿತು. ಎರಡನೆಯ ಸೀಸನ್ನಿಗೆ ಮುಖ್ಯ ಪಾತ್ರಧಾರಿಗಳ ಪಟ್ಟಿ ಸೇರಿದಳು. ಡಿಗಲ್ ಇನ್ನೊಂದು ತೂಕ: ಸೇನೆಯಲ್ಲಿದ್ದು ಬಂದವನು, ನಾಯಕನಿಗೆ ‘ಇದು ತಪ್ಪು’ ಎಂದು ಹೇಳುವ ಧೈರ್ಯ ಉಳ್ಳವನು. ಮೂವರಿದ್ದಾಗ ಆ ತಂಡ ಗಟ್ಟಿಯಾಗಿತ್ತು.

‘ದ ಫ್ಲ್ಯಾಶ್’ (2014–2023, 9 ಸೀಸನ್, 184 ಕಂತು) ಅದನ್ನೇ ಹಗುರ, ಪ್ರೀತಿಯ ಧಾಟಿಗೆ ತಂದಿತು. ಸ್ಟಾರ್ ಲ್ಯಾಬ್ಸ್‌ನಲ್ಲಿ ಮೂವರು: ಯಂತ್ರ ಮಾಡುವ ಸಿಸ್ಕೋ, ವೈದ್ಯಕೀಯ ನೋಡಿಕೊಳ್ಳುವ ಕೇಟ್ಲಿನ್, ಗುರು ಹ್ಯಾರಿಸನ್ ವೆಲ್ಸ್. ಮನೆಯಲ್ಲಿ ಸಾಕಿದ ಅಪ್ಪ, ಪೊಲೀಸ್ ಡಿಟೆಕ್ಟಿವ್ ಜೋ ವೆಸ್ಟ್. ಸಿಸ್ಕೋ ಮಾಡುವುದು ಯಕ್ಷಗಾನದ ಹಾಸ್ಯಗಾರನ ಕೆಲಸ: ವೇಷಕ್ಕೆ ಹೆಸರಿಡುತ್ತಾನೆ, ನಗಿಸುತ್ತಾನೆ, ನಾವು ಕೇಳಬೇಕೆಂದಿದ್ದ ಪ್ರಶ್ನೆಯನ್ನು ನಮಗಿಂತ ಮೊದಲೇ ಕೇಳಿ ಕಥೆಯನ್ನು ಬಿಡಿಸಿಡುತ್ತಾನೆ. ಮೊದಲ ಸೀಸನ್ನಿನ 23 ಕಂತು, ಅಂದರೆ ಸುಮಾರು 16 ಗಂಟೆ, ಈ ಸೂತ್ರದ ಅತ್ಯುತ್ತಮ ಮಾದರಿ ಎಂದು ಯಾವ ಅಳುಕೂ ಇಲ್ಲದೆ ಹೇಳುತ್ತೇವೆ. ಜೋ ಮತ್ತು ಬ್ಯಾರಿಯ ನಡುವಿನ ದೃಶ್ಯಗಳಿಗೆ ಒಂದು ಗ್ರಾಫಿಕ್ಸೂ ಬೇಕಾಗಿಲ್ಲ, ಆದರೂ ಮನಸ್ಸಿನಲ್ಲಿ ನಿಲ್ಲುವುದು ಅವೇ. ಒಂದೇ ಕೊರತೆ ಜೋನ ಮಗಳು ಐರಿಸ್. ಅವಳಿಗೆ ಹೇಳಬೇಡ ಎಂದು ಮೊದಲ ಕಂತಿನಲ್ಲೇ ಜೋ ಬ್ಯಾರಿಯಿಂದ ಮಾತು ತೆಗೆದುಕೊಳ್ಳುತ್ತಾನೆ, ಸೀಸನ್ನಿನ ಕೊನೆಯ ಹಂತದವರೆಗೂ ಪತ್ರಕರ್ತೆಯೊಬ್ಬಳು ತನ್ನ ಮನೆಯ ಸುದ್ದಿಯನ್ನೇ ತಿಳಿಯದೆ ಇರುತ್ತಾಳೆ.

ಆಮೇಲೆ ಕೆಟ್ಟದ್ದು ಎಲ್ಲಿ, ಯಾಕೆ? ಮೊದಲ ಕಾರಣ, ತಂಡದವರಿಗೆಲ್ಲ ಶಕ್ತಿ ಹಂಚಿದ್ದು. ಸಿಸ್ಕೋಗೂ ಬಂತು, ಕೇಟ್ಲಿನ್‌ಗೂ ಬಂತು, ಹೊಸಬರಾಗಿ ವಾಲಿ, ರಾಲ್ಫ್ ಬಂದರು. ಪಕ್ಕದ ಪಾತ್ರದ ಬೆಲೆ ಇರುವುದು ಅವರು ನಾಯಕನಿಗಿಂತ ಬೇರೆ ಥರದವರಾಗಿರುವುದರಲ್ಲಿ. ಎಲ್ಲರೂ ಹೊಡೆದಾಡುವವರಾದಾಗ ಯೋಚಿಸುವವರು, ಹೆದರುವವರು, ಬೇಡ ಎನ್ನುವವರು ಯಾರೂ ಉಳಿಯಲಿಲ್ಲ. ಸಿಸ್ಕೋ ಐದನೆಯ ಸೀಸನ್ನಿನ ಕೊನೆಗೆ ತನ್ನ ಶಕ್ತಿಯನ್ನು ತಾನೇ ಬಿಟ್ಟುಕೊಟ್ಟದ್ದು ಆ ಪಾತ್ರಕ್ಕೆ ಸಿಕ್ಕ ಒಳ್ಳೆಯ ತಿರುವು. ಎರಡನೆಯ ಕಾರಣ, ವೇಗವೇ ವೇಗಕ್ಕೆ ಎದುರಾದದ್ದು: ಮೊದಲ ಮೂರೂ ಸೀಸನ್ನಿನ ಮುಖ್ಯ ವಿಲನ್ ಓಟಗಾರನೇ, ಅವನ ಗುರುತು ಪ್ರತಿ ಬಾರಿಯೂ ಒಗಟೇ. ಮೂರನೆಯದು ಹಜಾರದ ಮಾತು. ಕಂತಿನ ಮುಕ್ಕಾಲು ಭಾಗ ಕಳೆದಾಗ ನಾಯಕ ಕೈಚೆಲ್ಲಿ ನಿಲ್ಲುತ್ತಾನೆ, ಯಾರೋ ಒಬ್ಬರು ಬಂದು ಹುರಿದುಂಬಿಸುತ್ತಾರೆ, ಅವನು ಹೋಗಿ ಗೆಲ್ಲುತ್ತಾನೆ. ಕೆಲವು ಬಾರಿ ಇದು ಹೃದಯ ತಟ್ಟುತ್ತದೆ. ವರ್ಷಕ್ಕೆ 20ಕ್ಕೂ ಹೆಚ್ಚು ಕಂತು ಬರೆಯಬೇಕಾದ ತಂಡಕ್ಕೆ ಇದು ಊರುಗೋಲಾಗುತ್ತದೆ, ಆಗ ಪೋಷಕ ಪಾತ್ರಗಳು ಭಾಷಣ ಮಾಡುವವರಾಗಿ ಉಳಿಯುತ್ತಾರೆ.

ನಮ್ಮ ಸಲಹೆ: ‘ದ ಫ್ಲ್ಯಾಶ್’ ಮೊದಲ ಸೀಸನ್ ಪೂರ್ತಿ ನೋಡಿ. ಹಿಡಿಸಿದರೆ ಎರಡನೆಯದನ್ನೂ ನೋಡಿ, ಟಾಮ್ ಕ್ಯಾವನಾ ಅದೇ ಮುಖದ ಬೇರೆ ವೆಲ್ಸ್ ಆಗಿ ಮಾಡುವ ನಟನೆ ಅಲ್ಲಿಂದ ಶುರು. ಮೂರನೆಯದರಲ್ಲಿ ಬೇಸರ ಬಂದರೆ ಅಲ್ಲೇ ನಿಲ್ಲಿಸಿ, ಕಷ್ಟಪಟ್ಟು ಒಂಬತ್ತನೆಯದರವರೆಗೆ ಹೋಗುವ ಅಗತ್ಯವಿಲ್ಲ. ‘ಆ್ಯರೋ’ ಆರಿಸುವುದಾದರೆ ಮೊದಲ ಎರಡು ಸೀಸನ್. ಎರಡರಲ್ಲಿ ಒಂದೇ ಎಂದರೆ, ಮನೆಮಂದಿ ಜೊತೆಗಿದ್ದರೆ ‘ದ ಫ್ಲ್ಯಾಶ್’, ಕತ್ತಲೆಯ ಧಾಟಿ ಬೇಕಾದರೆ ‘ಆ್ಯರೋ’.

ಸಾವಿನ ಸೂತ್ರವನ್ನು ಅಳೆಯುವುದು

ನಾಯಕನಿಗೆ ಸಿಟ್ಟು ಬರಿಸಲೆಂದು ಅವನ ಪ್ರೀತಿಯವರನ್ನು ಕೊಲ್ಲುವುದು ಕಾಮಿಕ್ಸ್‌ನಿಂದ ಬಂದ ರೋಗ. 1994ರ ಒಂದು ‘ಗ್ರೀನ್ ಲ್ಯಾಂಟರ್ನ್’ ಸಂಚಿಕೆಯಲ್ಲಿ ನಾಯಕನ ಗೆಳತಿಯ ಶವವನ್ನು ಫ್ರಿಡ್ಜಿನಲ್ಲಿ ಇಟ್ಟಿದ್ದರು. 1999ರಲ್ಲಿ, ಮುಂದೆ ಕಾಮಿಕ್ಸ್ ಬರಹಗಾರ್ತಿಯಾದ ಗೇಲ್ ಸಿಮೋನ್ ಇಂಥ ಹೆಣ್ಣುಪಾತ್ರಗಳ ಪಟ್ಟಿಯನ್ನೇ ಮಾಡಿ ಮುಂದಿಟ್ಟರು, ಅಲ್ಲಿಂದ ಆ ಸೂತ್ರಕ್ಕೆ ಫ್ರಿಡ್ಜಿಂಗ್ ಎಂಬ ಹೆಸರೇ ನಿಂತಿತು. ಟೀವಿಯಲ್ಲಿ ಇದನ್ನು ಗುರುತಿಸಲು ಸಾವಿನ ಕಂತನ್ನಲ್ಲ, ಅದರ ಮುಂದಿನದನ್ನು ನೋಡಬೇಕು. ಸತ್ತವರ ಜಾಗದಲ್ಲಿ ಯಾರು ಅಳುತ್ತಿದ್ದಾರೆ? ನಾಯಕನೊಬ್ಬನೇ ಎಂದಾದರೆ ಸಾವು ಇಂಧನ ಅಷ್ಟೇ.

‘ಡೇರ್‌ಡೆವಿಲ್’ ಮೊದಲ ಸೀಸನ್ನಿನಲ್ಲಿ ಹಿರಿಯ ಪತ್ರಕರ್ತ ಬೆನ್ ಯೂರಿಕ್ ಸಾಯುತ್ತಾನೆ. ಅವನು ಸಾಯುವುದು ತನ್ನ ವರದಿಗಾರಿಕೆಯಿಂದ, ನಾಯಕನ ಗೆಳೆಯನಾಗಿದ್ದಕ್ಕಲ್ಲ. ಅವನ ಹೆಂಡತಿಗೂ ಮಾತಿದೆ, ಜೊತೆಗೆ ತನಿಖೆ ಮಾಡಿದ್ದ ಕರೆನ್ ಪೇಜ್‌ಗೂ ಆ ಹೊರೆ ಇದೆ. ಆದರೂ ಆ ನಿರ್ಧಾರ ಸೀರೀಸ್‌ಗೆ ನಷ್ಟವೇ, ನಗರದ ಹಳೆಯ ನೆನಪನ್ನು ಹೊತ್ತಿದ್ದ ಒಬ್ಬನೇ ಒಬ್ಬ ಪಾತ್ರ ಅದು. ‘ಆ್ಯರೋ’ದಲ್ಲಿ ಎರಡನೆಯ ಸೀಸನ್ನಿನಲ್ಲಿ ತಾಯಿ ಮೊಯ್ರಾ ಹೋಗುವುದು ಅವಳದೇ ಆಯ್ಕೆಯಾಗಿ ಬರುತ್ತದೆ, ಆದ್ದರಿಂದ ಅದಕ್ಕೆ ಘನತೆ ಇದೆ. ನಾಲ್ಕನೆಯ ಸೀಸನ್ನಿನಲ್ಲಿ ಆಲಿವರ್‌ನ ಹಳೆಯ ಗೆಳತಿ ಲಾರಲ್ ಲ್ಯಾನ್ಸ್ ಸಾವು ಹಾಗಲ್ಲ. ಸೀಸನ್ನಿನ ಮೊದಲ ಕಂತಿನಲ್ಲೇ ಒಂದು ಸಮಾಧಿ ತೋರಿಸಿ ಇದು ಯಾರದ್ದು ಎಂದು ಕಾಯಿಸಿದ್ದರು. ಸಾವು ಪಾತ್ರದ ಕಥೆಯಾಗದೆ ಒಗಟಿನ ಉತ್ತರವಾಯಿತು. ಸಮಾಧಿ ಮೊದಲು, ಹೆಸರು ಆಮೇಲೆ ಎಂಬ ಆಟ ಕಂಡಾಗೆಲ್ಲ ಎಚ್ಚರವಾಗಿರಿ.

‘ಡೇರ್‌ಡೆವಿಲ್’ ನೋಡುವ ಕ್ರಮವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಮೂರು ಸೀಸನ್, ತಲಾ 13 ಕಂತು. ಮೊದಲನೆಯದು, ಎರಡನೆಯದು, ಆಮೇಲೆ 2017ರ ‘ದ ಡಿಫೆಂಡರ್ಸ್’ (8 ಕಂತು), ಆಮೇಲೆ ಮೂರನೆಯದು. ‘ಡಿಫೆಂಡರ್ಸ್’ ಬಿಟ್ಟರೂ ನಡೆಯುತ್ತದೆ, ಕಟ್ಟಡವೊಂದು ಮ್ಯಾಟ್‌ನ ಮೇಲೆ ಕುಸಿದು ಎಲ್ಲರೂ ಅವನು ಸತ್ತನೆಂದು ನಂಬಿದ್ದಾರೆ ಎಂಬಷ್ಟು ಗೊತ್ತಿದ್ದರೆ ಸಾಕು. ಎರಡನೆಯ ಸೀಸನ್ ಪನಿಶರ್ ಕಥೆ, ಎಲೆಕ್ಟ್ರಾ ಕಥೆ ಎಂದು ಎರಡು ಹೋಳಾಗುತ್ತದೆ, ಫಾಗಿ ಮತ್ತು ಕರೆನ್ ಬದಿಗೆ ಸರಿಯುತ್ತಾರೆ, ಮಧ್ಯಭಾಗ ಜಗ್ಗುತ್ತದೆ. ಅಲ್ಲಿ ಬಿಟ್ಟುಬಿಡಬೇಡಿ. ಮೂರನೆಯದರಲ್ಲಿ ಎಫ್‌ಬಿಐ ಅಧಿಕಾರಿ ರೇ ನದೀಮ್ ಬರುತ್ತಾನೆ: ಭಾರತೀಯ ಮೂಲದ ಕುಟುಂಬ, ಸಾಲ, ಬಡ್ತಿಯ ಆಸೆ, ಹೆಂಡತಿ, ಮಗ. ಸಾಮಾನ್ಯ ಸಂಸಾರಸ್ಥ ಒಂದೊಂದೇ ಮೆಟ್ಟಿಲು ಇಳಿದು ಮುಖ್ಯ ವಿಲನ್ ಫಿಸ್ಕ್‌ನ ಬಲೆಗೆ ಬೀಳುವುದನ್ನು ಆ ಸೀಸನ್ ಎಷ್ಟು ತಾಳ್ಮೆಯಿಂದ ಕಟ್ಟುತ್ತದೆ ಎಂದರೆ, ಕೆಲವು ಕಂತುಗಳಲ್ಲಿ ನಾಯಕ ಇಲ್ಲದಿರುವುದು ನೆನಪೇ ಆಗುವುದಿಲ್ಲ. ಇದೇ ಕಥೆಯ ಮುಂದುವರಿಕೆಯಾದ 2025ರ ‘ಬಾರ್ನ್ ಅಗೇನ್’ನಿಂದ ಮಾತ್ರ ಶುರು ಮಾಡಬೇಡಿ. ಅದರ ಮೊದಲ ಕಂತು ಹಳೆಯ ಸಂಬಂಧಗಳ ಮೇಲೆಯೇ ಪೆಟ್ಟು ಕೊಡುತ್ತದೆ, ಆ ಸಂಬಂಧ ಗೊತ್ತಿಲ್ಲದವರಿಗೆ ಅದು ತಾಗದು. ಇವೆಲ್ಲ ವಯಸ್ಕರಿಗೆ, ರಕ್ತಪಾತ ಧಾರಾಳ.

ಮನೆಯವರ ಸೂತ್ರ

‘ಮಿಸ್ ಮಾರ್ವೆಲ್’ (2022) ಆರೇ ಕಂತು, ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ. ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿ ಕಮಲಾ ಖಾನ್, ಅಮ್ಮ ಮುನೀಬಾ, ಅಪ್ಪ ಯೂಸುಫ್, ಅಣ್ಣ ಆಮಿರ್, ಗೆಳೆಯ ಬ್ರೂನೋ, ಗೆಳತಿ ನಾಕಿಯಾ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಇದು ಸಲೀಸಾಗಿ ಗೆಲ್ಲುತ್ತದೆ. ಮಸೀದಿಯ ಆಡಳಿತ ಮಂಡಳಿಗೆ ಸ್ಪರ್ಧಿಸುವ ನಾಕಿಯಾಗೆ ಕಮಲಾಳ ಶಕ್ತಿಯ ಹಂಗಿಲ್ಲ, ಅವಳ ವಾರ ಅವಳದೇ. ಅಣ್ಣನ ಮದುವೆ, ಅಪ್ಪನ ತಮಾಷೆ, ರಾತ್ರಿ ಹೊರಗೆ ಕಳಿಸದ ಅಮ್ಮ ಇವೆಲ್ಲ ನಮ್ಮ ಮನೆಗಳಿಗೆ ಹತ್ತಿರದವು. ಕಥೆ ಕರಾಚಿಗೆ ಹೋಗಿ 1947ರ ವಿಭಜನೆಯ ರೈಲುಗಳನ್ನು ಮುಟ್ಟುತ್ತದೆ. ಗುಟ್ಟು ಅಮ್ಮನಿಗೆ ತಿಳಿಯುವುದು ಐದನೆಯ ಕಂತಿನಲ್ಲಿ, ಆರನೆಯದರಲ್ಲಿ ಅಮ್ಮನೇ ಮಗಳಿಗೆ ಉಡುಪು ಹೊಲಿಸಿಕೊಡುತ್ತಾಳೆ. ಗುಟ್ಟು ರಟ್ಟಾದಾಗ ಬೈಗುಳ ಬರಬೇಕಾದ ಜಾಗದಲ್ಲಿ ಅಪ್ಪುಗೆ ಬರುವುದು ಈ ಪ್ರಕಾರದಲ್ಲಿ ಅಪರೂಪ. ದೌರ್ಬಲ್ಯ ವಿಲನ್‌ಗಳದ್ದು. ಮನೆಗೆ ಹೊತ್ತು ಕೊಟ್ಟ ಆರು ಕಂತಿನಲ್ಲಿ ಅವರಿಗೆ ಜಾಗ ಉಳಿಯಲಿಲ್ಲ, ಅವರ ಉದ್ದೇಶ ಅವಸರದಲ್ಲಿ ಬಂದು ಅವಸರದಲ್ಲೇ ಮುಗಿಯುತ್ತದೆ.

‘ಸೂಪರ್‌ಮ್ಯಾನ್ ಆ್ಯಂಡ್ ಲೋಯಿಸ್’ (2021–2024, 53 ಕಂತು) ಇದಕ್ಕೆ ಜೋಡಿ. ಇಲ್ಲಿ ಕ್ಲಾರ್ಕ್ ಇಬ್ಬರು ಹದಿಹರೆಯದ ಅವಳಿ ಮಕ್ಕಳ ಅಪ್ಪ, ಮಕ್ಕಳಿಗೆ ಗುಟ್ಟು ಗೊತ್ತಾಗುವುದು ಮೊದಲ ಕಂತಿನಲ್ಲೇ. ಶಕ್ತಿ ಮೊದಲು ಬರುವುದು ಜೋರ್ಡನ್‌ಗೆ, ಜೊನಾಥನ್ ಅದಿಲ್ಲದೆ ಅಣ್ಣತಮ್ಮಂದಿರ ನಡುವಿನ ಅಸಮಾನತೆಯನ್ನು ನುಂಗಿಕೊಂಡು ಬಾಳಬೇಕು. ಲೋಯಿಸ್ ಊರಿನ ಸಣ್ಣ ಪತ್ರಿಕೆ ಸೇರುತ್ತಾಳೆ, ಲಾನಾ ಮೇಯರ್ ಚುನಾವಣೆಗೆ ನಿಲ್ಲುತ್ತಾಳೆ. ‘ಸ್ಮಾಲ್‌ವಿಲ್’ನಲ್ಲಿ ವಾರವಾರ ಅಪಹರಣವಾಗುತ್ತಿದ್ದ ಅದೇ ಹೆಸರಿನ ಹೆಣ್ಣು ಇಲ್ಲಿ ಊರು ನಡೆಸುತ್ತಾಳೆ. ಲೋಯಿಸ್‌ಗೆ ಸ್ತನ ಕ್ಯಾನ್ಸರ್ ಬರುವ ಮೂರನೆಯ ಸೀಸನ್, ಗಂಡನ ಶಕ್ತಿ ಯಾವುದಕ್ಕೂ ಬಾರದ ಕಡೆ ಕಥೆಯನ್ನು ನಿಲ್ಲಿಸಿ ಗೆಲ್ಲುತ್ತದೆ. ನಾಲ್ಕನೆಯದರಲ್ಲಿ ಬಜೆಟ್ ಕಡಿತದಿಂದ ಕಂತು ಹತ್ತಕ್ಕಿಳಿಯಿತು, ಊರಿನವರಲ್ಲಿ ಬಹಳಷ್ಟು ಜನ ಮುಖ್ಯ ಪಟ್ಟಿಯಿಂದ ಹೊರಬಿದ್ದು ಅತಿಥಿಗಳಾದರು. ಆ ವ್ಯತ್ಯಾಸ ನಿಮಗೆ ಕಣ್ಣಿಗೆ ಹೊಡೆಯುತ್ತದೆ, ಆದರೂ ಮುಕ್ತಾಯ ಚೆನ್ನಾಗಿದೆ.

ಹೊತ್ತು ಕಡಿಮೆ, ಮನೆಯಲ್ಲಿ ಹಿರಿಯರಿದ್ದಾರೆ ಎಂದರೆ ‘ಮಿಸ್ ಮಾರ್ವೆಲ್’. ಎರಡು ತಿಂಗಳು ರಾತ್ರಿ ಊಟದ ಹೊತ್ತಿಗೆ ದಿನಕ್ಕೊಂದು ಕಂತು ಎಂದರೆ ಎರಡನೆಯದು.

ಅರ್ಧ ಗಂಟೆಯ ಬಿಡಿ ಕಂತುಗಳು

ಸರಣಿ ಹಿಡಿದು ನೋಡುವ ವ್ಯವಧಾನವಿಲ್ಲದವರಿಗೆ 1992ರ ‘ಬ್ಯಾಟ್‌ಮ್ಯಾನ್: ದಿ ಆ್ಯನಿಮೇಟೆಡ್ ಸೀರೀಸ್’ಗಿಂತ ಒಳ್ಳೆಯದಿಲ್ಲ. 85 ಕಂತು, ಒಂದೊಂದೂ ಸುಮಾರು 22 ನಿಮಿಷ, ಹೆಚ್ಚಿನವನ್ನು ಯಾವ ಕ್ರಮದಲ್ಲಿ ನೋಡಿದರೂ ನಡೆಯುತ್ತದೆ. ಪೋಷಕ ಪಾತ್ರಗಳು ಬೆಳೆಯುವುದಿಲ್ಲ, ಆದರೆ ಚುಟುಕು ಮಾತಿನಲ್ಲಿ ಪೂರ್ತಿಯಾಗಿ ನಿಲ್ಲುತ್ತವೆ: ಒಣ ಮಾತಿನ ಆಲ್ಫ್ರೆಡ್, ಬ್ಯಾಟ್‌ಮ್ಯಾನ್‌ನನ್ನು ಕಂಡರಾಗದ ಪೊಲೀಸ್ ಬುಲಕ್, ನ್ಯಾಯವಾಗಿ ಯೋಚಿಸುವ ರೆನೆ ಮಾಂಟೋಯಾ. ಹಾರ್ಲಿ ಕ್ವಿನ್ ಮೊದಲು ಬಂದದ್ದು ಜೋಕರ್‌ನ ಗುಂಪಿನ ಒಬ್ಬಳಾಗಿ, ಒಂದು ಕಂತಿನ ಕೆಲಸಕ್ಕೆ. ಪಾತ್ರ ಎಷ್ಟು ಹಿಡಿಸಿತೆಂದರೆ ಮತ್ತೆ ಮತ್ತೆ ಬಂದಳು, ಇವತ್ತು ಅವಳಿಗೇ ಬೇರೆ ಸೀರೀಸ್ ಇದೆ. ಇದರ ಪಕ್ಕದಲ್ಲಿ 1966–68ರ ಬ್ಯಾಟ್‌ಮ್ಯಾನ್ ಇಟ್ಟು ನೋಡಿದರೆ (120 ಕಂತು) ಸೂತ್ರ ಎಂದರೇನು ಎಂಬುದು ಮಕ್ಕಳಿಗೂ ಗೊತ್ತಾಗುತ್ತದೆ: ಮೊದಲ ದಿನ ನಾಯಕರು ವಿಲನ್‌ನ ಯಂತ್ರದಲ್ಲಿ ಸಿಕ್ಕಿಬೀಳುತ್ತಾರೆ, ಮರುದಿನ ಪಾರಾಗುತ್ತಾರೆ.

ಸೂತ್ರ ಮುರಿಯುವವರು ಕೊನೆಗೆ

‘ಇನ್ವಿನ್ಸಿಬಲ್’ (2021ರಿಂದ) ಮತ್ತು ‘ದ ಬಾಯ್ಸ್’ (2019ರಿಂದ) ಎರಡೂ ಪ್ರೈಮ್ ವಿಡಿಯೋದಲ್ಲಿವೆ, ಮೊದಲ ಸೀಸನ್ ಎರಡಕ್ಕೂ ಎಂಟು ಕಂತು. ಎರಡೂ ಮೇಲಿನ ಸೂತ್ರಗಳನ್ನು ನಂಬಿಸಿ ಮುರಿಯುತ್ತವೆ. ಅವನ್ನು ಮೊದಲು ನೋಡಿದರೆ ಮುರಿದದ್ದೇನು ಎಂಬುದೇ ತಿಳಿಯದೆ ಬರೀ ರಕ್ತ ಕಾಣುತ್ತದೆ. ‘ದ ಫ್ಲ್ಯಾಶ್’ ಅಥವಾ ‘ಸ್ಮಾಲ್‌ವಿಲ್’ನ ಒಂದು ಸೀಸನ್ ಆದರೂ ನೋಡಿದ ಮೇಲೆ ಇವಕ್ಕೆ ಬನ್ನಿ. ಎರಡರಲ್ಲಿ ಪೋಷಕ ಪಾತ್ರದ ದೃಷ್ಟಿಯಿಂದ ‘ಇನ್ವಿನ್ಸಿಬಲ್’ ಮೇಲು, ಕಾರಣ ನಾಯಕನ ತಾಯಿ ಡೆಬಿ ಗ್ರೇಸನ್. ಅವಳಿಗೆ ಶಕ್ತಿ ಇಲ್ಲ, ಗಂಡ ಮಗ ಇಬ್ಬರೂ ಹಾರುವವರು, ಮನೆ ಮಾರಿಸಿಕೊಡುವ ಕೆಲಸ ಅವಳದು. ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಅವಳು ತಾನೇ ಹುಡುಕಿ ಕಂಡುಕೊಳ್ಳುವುದು ಮೊದಲ ಸೀಸನ್ನಿನ ಬೆನ್ನೆಲುಬು. ಸ್ಯಾಂಡ್ರಾ ಓ ಅವರ ದನಿ ಆ ಪಾತ್ರದ ಅರ್ಧ ಬಲ.

‘ಇನ್ವಿನ್ಸಿಬಲ್’ನ ಮೊದಲ ಕಂತನ್ನು ಕೊನೆಯ ಕೆಲವು ನಿಮಿಷ ಬಿಡದೆ ನೋಡಿ, ಸೀರೀಸ್ ನಿಜವಾಗಿ ಏನೆಂಬುದು ಅಲ್ಲಿಯೇ ತಿಳಿಯುವುದು. ಬಣ್ಣದ ಕಾರ್ಟೂನ್ ಎಂದು ಮಕ್ಕಳ ಕೈಗೆ ಕೊಡಬೇಡಿ, 18 ದಾಟಿದವರಿಗೆ ಮಾತ್ರ ಇರುವ ಹಿಂಸೆ ಇದು. ಮನೆಯಲ್ಲಿ ಎಲ್ಲರದ್ದೂ ಒಂದೇ ಪ್ರೊಫೈಲ್ ಆಗಿದ್ದರೆ ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ, ದೊಡ್ಡವರ ಕಾರ್ಯಕ್ರಮಕ್ಕೆ ಪಿನ್ ಹಾಕಿದ ಮೇಲೆ ಇದನ್ನು ಶುರು ಮಾಡಿ.